ಎರಡು ನಂಬರು, ಎರಡು ಷರಾ

ಯಾರಾದರೂ ತೀರಾ ಸಲೀಸಾಗಿ ‘ಇಲ್ಲ’ ಅಂದರೆ ನಾನು ನಂಬುವವಳಲ್ಲ. ಹಾಲಿನವನು ನೀರು ಬೆರೆಸಿಲ್ಲ ಅಂದರೂ ಅಷ್ಟೆ, ಮಗಳು ಮೊಬೈಲು ಮುಟ್ಟಿಲ್ಲ ಅಂದರೂ ಅಷ್ಟೆ. ಇದು ಹುಟ್ಟುಗುಣ. ‘ಸೂಲಗಿತ್ತಿ ಕೈ ತೊಳಕೊಂಡಾಳೋ ಇಲ್ಲೋ ಅಂತ ಕಣ್ಣ ಬಿಟ್ಟ ನೋಡಕೋತನ ಹುಟ್ಟಿದಾಕಿ ಇಕಿ’ ಎಂದು ನಮ್ಮವ್ವ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾಳೆ. ನಾನೂ ನಗುತ್ತೇನೆ. ಆದರೆ ಒಂದು ವರ್ಷ ಈ ಗುಣವೇ ನನ್ನ ಕೈಹಿಡಿದು ನಡೆಸಿ ಮುಗ್ಗರಿಸುವಂತೆ ಮಾಡಿತು.

ಹೋದ ತಿಂಗಳು ನಾನು ಕೂತಿದ್ದ ಬಸ್ಸು ಅಲಖನೂರಿನ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಿತು. ಕಬ್ಬಿನ ಸೀಸನ್ನು. ಕಬ್ಬಿನ ಒಣಗರಿ, ಅಂದರೆ ರವದಿ ಸುಟ್ಟ ಹೊಗೆ ಕಿಟಕಿಯಿಂದ ಒಳಗೆ ಬಂತು. ಹೊರಗೆ ನೋಡಿದರೆ ಅದೇ ಬೇವಿನ ಮರ, ಅದರಡಿ ಅದೇ ಚಹಾದ ಅಂಗಡಿ. ಅಂಗಡಿಯ ಮುಂದೆ ಬಿಳಿ ಅಂಗಿ ತೊಟ್ಟು ಆ ಊರಿನ ಶಾಂತಾಬಾಯಿಯವರ ಮಗ ಸಿದ್ಧಾರ್ಥ ನಿಂತಿದ್ದ. ನಾನು ಪಟ್ಟನೆ ತಲೆ ಒಳಗೆಳೆದುಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ.

ಹಿಂದೊಂದು ಕಬ್ಬಿನ ಸೀಸನ್ನಿನಲ್ಲಿ ನಾನು ರಕ್ತ ಕೂಡಿಸುವ ಕೆಲಸದಲ್ಲಿದ್ದೆ. ಲ್ಯಾಬ್ ಟೆಕ್ನಿಷಿಯನ್ ಕಲಿತವಳು. ಶ್ವಾಸಕೋಶದ ಕ್ಯಾನ್ಸರ್ ಆದವರ ಬಗ್ಗೆ ಅಧ್ಯಯನ ಮಾಡುತ್ತಿದ್ದ ಒಬ್ಬ ಡಾಕ್ಟರ್ ಮ್ಯಾಡಂ, ಹಳ್ಳಿ ತಿರುಗಲು ಊರ ಕಡೆಯ ಹೆಣ್ಣುಮಗಳೇ ಬೇಕು ಎಂದು ನನ್ನನ್ನು ಆರಿಸಿದ್ದರು. ಕನ್ನಡ ಬರುತ್ತಿತ್ತು, ಮರಾಠಿ ಬರುತ್ತಿತ್ತು, ಚಿಕ್ಕೋಡಿಯಿಂದ ಕಾಗವಾಡದವರೆಗೆ ಯಾವ ಊರಿಗೆ ಯಾವ ಬಸ್ಸು ಎಂಬುದೂ ಗೊತ್ತಿತ್ತು. ‘ನೀವು ಅಲ್ಲಿಯವರು, ಅವರು ಏನು ಮುಚ್ಚಿಟ್ಟರೂ ನಿಮಗೆ ತಿಳಿಯುತ್ತೆ’ ಎಂದಿದ್ದರು ಮ್ಯಾಡಂ. ಆ ಮಾತಿಗೆ ನಾನು ತುಸು ಉಬ್ಬಿದ್ದೆ ಕೂಡ.

ಅಧ್ಯಯನವನ್ನು ಅವರು ನನಗೆ ಹೀಗೆ ತಿಳಿಸಿದ್ದರು. ಕಬ್ಬಿಣಕ್ಕೆ ತುಕ್ಕು ಹಿಡಿಯುವ ಹಾಗೆ ಹೊಗೆ, ಧೂಳು, ರೋಗ ಇವೆಲ್ಲ ಸೇರಿ ಮೈಯೊಳಗೂ ಒಂದು ಬಗೆಯ ತುಕ್ಕು ಹಿಡಿಸುತ್ತವೆ. ಅದನ್ನು ತಡೆಯುವ ವಸ್ತುಗಳು ರಕ್ತದಲ್ಲಿರುತ್ತವೆ. ಕೆಲವನ್ನು ಮೈಯೇ ಮಾಡಿಕೊಳ್ಳುತ್ತದೆ, ಕೆಲವು ನೆಲ್ಲಿಕಾಯಿ, ಪೇರಲ, ಸೊಪ್ಪಿನಿಂದ ಬರುತ್ತವೆ. ಆಂಟಿಆಕ್ಸಿಡೆಂಟ್ ಅನ್ನುವುದು ಇವನ್ನೇ. ಕ್ಯಾನ್ಸರ್ ಆದವರಲ್ಲಿ ಈ ತಡೆ ಎಷ್ಟು ಉಳಿದಿದೆ, ಅದು ಒಂದು ಸಮುದಾಯದಿಂದ ಇನ್ನೊಂದಕ್ಕೆ ಬೇರೆಯಾಗುತ್ತದೆಯೇ ಎಂದು ನೋಡಬೇಕು. ಹೋಲಿಸಲು ಅದೇ ಸಮುದಾಯಗಳ, ರೋಗವಿಲ್ಲದವರ ರಕ್ತವೂ ಬೇಕು. ಬಿಸಿಲು ತಾಗಿದರೆ ರಕ್ತ ಕೆಡುತ್ತದೆ, ತಡವಾದರೂ ಕೆಡುತ್ತದೆ. ಹಾಗಾಗಿ ಟ್ಯೂಬಿಗೆ ಬೆಳ್ಳಿ ಹಾಳೆ ಸುತ್ತಿ, ಐಸು ತುಂಬಿದ ಡಬ್ಬದಲ್ಲಿಟ್ಟು, ಸ್ಕೂಟಿಯ ಹಿಂದೆ ಕಟ್ಟಿಕೊಂಡು ಓಡುತ್ತಿದ್ದೆ. ಶಿರಗುಪ್ಪಿಯಲ್ಲಿ ಒಬ್ಬ ಮುದುಕಿ ನನ್ನನ್ನು ನಿಲ್ಲಿಸಿ ಐಸ್‌ಕ್ಯಾಂಡಿ ಕೇಳಿದ್ದಳು.

ರಕ್ತ ಕೊಡುವವರಿಗೆ ನನ್ನ ಮೇಲೆ ನೂರೆಂಟು ಗುಮಾನಿ. ಗಡಿ ದಾಟಿಸಿ ಮಾರುತ್ತೇನೆ ಎಂದು ಕೆಲವರು. ರೇಶನ್ ಕಾರ್ಡು ರದ್ದು ಮಾಡಿಸಲು ಬಂದಿದ್ದೇನೆ ಎಂದು ಕೆಲವರು. ನನಗೂ ಅವರ ಮೇಲೆ ಗುಮಾನಿಯೇ. ಬೀಡಿ ಸೇದಿ ಬಂದು ಬಾಯಿಗೆ ಏಲಕ್ಕಿ ಹಾಕಿಕೊಂಡು ‘ಇಲ್ಲರಿ, ಬಿಟ್ಟ ಬಾಳ ವರ್ಷಾತು’ ಅನ್ನುವ ಗಂಡಸರನ್ನು ದಿನಾ ನೋಡುತ್ತಿದ್ದೆ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ನಂಬದೆಯೇ ನಡುವೆ ಒಂದು ಸೂಜಿ ಹಿಡಿದುಕೊಂಡು ಕೂರುತ್ತಿದ್ದೆವು.

ಶಾಂತಾಬಾಯಿಯವರ ಮನೆಗೆ ಹೋಗಿದ್ದು ಒಂದು ಬೆಳಿಗ್ಗೆ. ಐವತ್ತು ದಾಟಿದ ಹೆಂಗಸು, ಬೌದ್ಧ ಕುಟುಂಬ, ವಯಸ್ಸೆಲ್ಲ ಕಬ್ಬಿನ ಗದ್ದೆಯಲ್ಲಿ, ಮಂದಿಯ ಮನೆಗಳಲ್ಲಿ ಕೂಲಿ ಮಾಡಿ ಕಳೆದವರು. ಕ್ಯಾನ್ಸರ್ ಎಂದು ಆಗಷ್ಟೇ ಗೊತ್ತಾಗಿತ್ತು, ಚಿಕಿತ್ಸೆ ಇನ್ನೂ ಶುರುವಾಗಿರಲಿಲ್ಲ. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಒಬ್ಬನೇ ಮಗ ಸಿದ್ಧಾರ್ಥ, ಒಂದು ಶಾಲೆಯಲ್ಲಿ ಗುಮಾಸ್ತ. ತಾಯಿಗೆ ‘ಆಯಿ’ ಅನ್ನುವವನು. ಕಾಗದ ಓದುವುದೇ ಅವನ ಕೆಲಸ. ನನ್ನ ಫಾರಮ್ಮನ್ನು ಕಸಿದುಕೊಂಡು ಮೇಲಿಂದ ಕೆಳಗೆ ಓದಿದ.

‘ಇದೇನ್ರಿ, ಸಮುದಾಯ ಅಂತ ಐತಲ್ಲ? ಗಂಟ ಇರೂದು ನಮ್ಮ ಆಯಿ ಎದಿಯಾಗ. ಜಾತಿ ಯಾಕ ಬೇಕ ನಿಮಗ?’

‘ಕೆಲವರ ರಕ್ತದಾಗ ತಡಿಯೂ ಶಕ್ತಿ ಹೆಚ್ಚಿರತೈತ್ರಿ, ಕೆಲವರದ್ರಾಗ ಕಡಿಮಿ. ಅದನ್ನ ನೋಡತಾರ.’

‘ಅಂದ್ರ ನಮ್ಮ ರಕ್ತ ಕಡಿಮೀದು ಅಂತ ಬರಿಯಾಕ ಬಂದೀರಿ.’

‘ಹಂಗಲ್ರಿ ಸರ…’

‘ಒಂದ ಕಾಲಕ್ಕ ನಮ್ಮ ನೆರಳ ಮೈಲಿಗಿ ಅಂತಿದ್ರು. ಈಗ ರಕ್ತಕ್ಕ ಬಂದ್ರು.’ ಆಮೇಲೆ ನನ್ನನ್ನೇ ನೋಡಿ ಕೇಳಿದ, ‘ನೀವ್ ಯಾರ ಪೈಕಿ?’

‘ಅಂಕಲಿಯವರು. ಕುರುಬರ ಪೈಕಿ.’

‘ನಿಮ್ಮ ಮನ್ಯಾಂದೂ ಕೊಟ್ಟೀರೇನ ರಕ್ತ? ಇಲ್ಲ ಮಂದೀದಷ್ಟ ಕೂಡಸತೀರೋ?’

ನನಗೆ ರೇಗಿತು. ‘ಕೊಡತೀನ್ರಿ, ನಮ್ಮವ್ವಂದ ಕೊಡತೀನಿ. ಬೇಕಾದ್ರ ಬಂದ ನೋಡ್ರಿ’ ಎಂದುಬಿಟ್ಟೆ.

ಅಷ್ಟರಲ್ಲಿ ಶಾಂತಾಬಾಯಿ ಹಿತ್ತಲಿನಿಂದ ಬಂದರು. ಬಾಯಿ ಮುಕ್ಕಳಿಸಿ, ಕಪ್ಪಾದ ಬೆರಳನ್ನು ಸೆರಗಿನ ತುದಿಗೆ ಒರೆಸಿಕೊಳ್ಳುತ್ತಾ. ಮಗನಿಗೆ ‘ಬಿಡೋ, ಬರಕೊಳ್ಳಿ. ಬರದ್ರ ನನ್ನ ಬ್ಯಾನಿ ಹೆಚ್ಚ ಆಗೂದಿಲ್ಲ’ ಎಂದು ತೋಳು ಚಾಚಿ ಕೂತರು. ರಕ್ತ ತೆಗೆದು, ಒಂದೊಂದೇ ಪ್ರಶ್ನೆ ಕೇಳುತ್ತ ಹೋದೆ.

‘ಮಾವಶಿ, ತಂಬಾಕ ಏನರ? ಬೀಡಿ, ಗುಟ್ಕಾ, ಎಲಿ ಅಡಿಕಿ ಜೋಡಿ?’

‘ಯಾವ್ದೂ ಇಲ್ಲರಿ. ಚಾ ಒಂದ ಐತಿ ಚಟ.’

ತೀರಾ ಸಲೀಸಾಗಿ ಅಂದರು. ನಾನು ‘ಇಲ್ಲ’ ಎಂದು ಬರೆದೆ, ಒಳಗೊಳಗೇ ನಂಬದೆ.

ಹೊರಡುವಾಗ ಅವರು ನನ್ನ ಕೈ ಹಿಡಿದರು. ‘ಬಾಯಾರ, ದವಾಖಾನ್ಯಾಗ ಎಲ್ಲಾರೂ ಒಂದ ಕೇಳತಾರ, ಬೀಡಿ ಸೇದತಿದ್ದ್ಯಾ ಅಂತ. ಓಣ್ಯಾಗೂ ಅದನ್ನ ಮಾತಾಡತಾರ, ಹೆಣಮಗಳ ಕದ್ದ ಸೇದತಿದ್ದಳಂತ. ನನ್ನ ಮಗಾ ಒಬ್ಬನ ನನ್ನ ನಂಬ್ಯಾನ. ರಕ್ತದಾಗ ಏನರ ತಿಳದ್ರ ಮದಲ ನನಗ ಹೇಳ್ರಿ, ಹಾಂ?’

ಹೇಳುತ್ತೇನೆ ಎಂದೆ.

ಮರುದಿನ ಅಂಕಲಿಗೆ ಹೋಗಿ ಅವ್ವನ ರಕ್ತ ತೆಗೆದೆ. ಆಡಿದ ಮಾತು ಉಳಿಸಿಕೊಳ್ಳಬೇಕಿತ್ತಲ್ಲ. ಹೋಲಿಸಲು ಆರೋಗ್ಯವಂತ ಹೆಂಗಸರೂ ಕಡಿಮೆ ಬಿದ್ದಿದ್ದರು. ಕುರಿಗಳನ್ನು ಹೊರಡಿಸುವ ಗಡಿಬಿಡಿಯಲ್ಲಿದ್ದ ಅವ್ವ ‘ಲಗೂ ತಗೋ’ ಎಂದು ತೋಳು ಕೊಟ್ಟು ಹೊರಟೇಬಿಟ್ಟಳು. ಫಾರಮ್ಮು ತುಂಬಿದ್ದು ನಾನೇ, ಅಡುಗೆಮನೆ ಕಟ್ಟೆಯ ಮೇಲಿಟ್ಟುಕೊಂಡು. ಅವಳನ್ನು ಏನೆಂದು ಕೇಳುವುದು? ನಮ್ಮವ್ವನ ಬಗ್ಗೆ ನನಗೆ ತಿಳಿಯದ್ದೇನಿದೆ? ತಂಬಾಕು: ಇಲ್ಲ.

ಕಬ್ಬಿನ ಗಾಡಿಗಳು ರಸ್ತೆ ತುಂಬಾ ಓಡಾಡುತ್ತಿದ್ದವು, ಚಳಿ ಕಡಿಮೆಯಾಗುತ್ತಿತ್ತು. ಶಿವರಾತ್ರಿಗೆ ಇನ್ನೂ ಕೆಲ ದಿನ ಇರುವಾಗ ಮ್ಯಾಡಂ ವಾಟ್ಸಾಪಿನಲ್ಲಿ ಒಂದು ಪಟ್ಟಿ ಕಳಿಸಿದರು. ಹೆಸರಿಲ್ಲ, ಬರೀ ನಂಬರು. ಫಾರಮ್ಮಿನಲ್ಲಿ ತಂಬಾಕು ಇಲ್ಲ ಎಂದವರು, ಆದರೆ ರಕ್ತದಲ್ಲಿ ತಂಬಾಕಿನ ಗುರುತು ಸಿಕ್ಕವರು. ‘ಇವರೆಲ್ಲ ಸುಳ್ಳು ಹೇಳಿದ್ದಾರೆ ಅನಿಸುತ್ತೆ. ಒಂದೊಂದಕ್ಕೂ ವಿಚಾರಿಸಿ ನಿಮ್ಮ ಷರಾ ಬರೀರಿ’ ಎಂದಿದ್ದರು. ರಿಜಿಸ್ಟರ್ ತೆಗೆದು ನಂಬರು ತಾಳೆ ನೋಡಿದೆ. ಬಹುಪಾಲು ಏಲಕ್ಕಿಯ ಗಂಡಸರು. ಹೆಂಗಸರು ಇಬ್ಬರೇ. ಒಬ್ಬರು ಅಲಖನೂರಿನ ಶಾಂತಾಬಾಯಿ. ಇನ್ನೊಬ್ಬಳು ನಮ್ಮವ್ವ.

ಈಗ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳಬೇಕು. ಅವ್ವನ ನಂಬರಿನ ಮುಂದೆ ಒಂದು ಗಳಿಗೆಯೂ ಯೋಚಿಸದೆ ಬರೆದೆ: ‘ಟ್ಯೂಬು ಅದಲುಬದಲಾಗಿರಬಹುದು. ಮರುಪರೀಕ್ಷೆ ಅಗತ್ಯ.’ ಶಾಂತಾಬಾಯಿಯವರ ನಂಬರಿನ ಮುಂದೆಯೂ ಒಂದು ಗಳಿಗೆ ಯೋಚಿಸದೆ ಬರೆದೆ: ‘ಮಾಹಿತಿ ಮುಚ್ಚಿಟ್ಟಿದ್ದಾರೆ. ನಂಬಲರ್ಹರಲ್ಲ.’ ಬರೆದಾದ ಮೇಲೆ ವಿಚಾರಿಸಲು ಹೋದೆ.

ನೀಲಿ ಬಣ್ಣದ ಅದೇ ಬಾಗಿಲು. ಮೊದಲ ಸಲದ ಔಷಧಿ ಏರಿಸಿಕೊಂಡು ಬಂದಿದ್ದ ಶಾಂತಾಬಾಯಿ ಹೊರಸಿನ ಮೇಲೆ ಮಲಗಿದ್ದರು. ಸಿದ್ಧಾರ್ಥ ಒಳಗೆ ಚಹಾ ಮಾಡುತ್ತಿದ್ದ. ನಾನು ಪೊಲೀಸರ ಗತ್ತಿನಲ್ಲಿ ಕೂತೆ.

‘ಮಾವಶಿ, ಖರೇ ಹೇಳ್ರಿ. ನಿಮ್ಮ ರಕ್ತದಾಗ ತಂಬಾಕ ಬಂದೈತಿ.’

‘ಎಲ್ಲಿಂದ ಬರತೈತಿ? ನಾ ಮುಟ್ಟೇ ಇಲ್ಲ.’

‘ಮಷೀನ ಸುಳ್ಳ ಹೇಳೂದಿಲ್ಲರಿ.’

‘ಹಂಗಾರ ನಾ ಹೇಳತೇನಿ ಅಂತೀರೇನು?’ ಎದ್ದು ಕೂರಲು ಹೋಗಿ ಕೆಮ್ಮತೊಡಗಿದರು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ತಲೆಯೆತ್ತಿದರೆ ಸಿದ್ಧಾರ್ಥ ಎರಡು ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ.

‘ಆಯಿ?’ ಎಂದ. ಅಷ್ಟೇ.

ಅವನ ಮುಖದಲ್ಲಿ ಮೊದಲು ನನ್ನ ಮೇಲಿದ್ದ ಸಂಶಯ ಮೆಲ್ಲಗೆ ಅವರ ಕಡೆ ತಿರುಗಿದ್ದನ್ನು ನಾನು ಕಣ್ಣಾರೆ ಕಂಡೆ. ನಾಚಿಕೆಯ ಮಾತು, ಆದರೂ ಹೇಳುತ್ತೇನೆ: ನನಗೆ ಒಂದಿಷ್ಟು ಖುಷಿಯೇ ಆಯಿತು. ನೆರಳು, ರಕ್ತ ಎಂದು ನನ್ನನ್ನು ಕಟಕಟೆಗೆ ಏರಿಸಿದವನಿಗೆ ತಕ್ಕ ಉತ್ತರ ಸಿಕ್ಕಿತು ಅನಿಸಿತು. ಚಹಾ ಕುಡಿಯದೆ ಎದ್ದು ಬಂದೆ.

ಸುಮಾರು ಎಂಟು ದಿನದ ಮೇಲೆ ಶಾಂತಾಬಾಯಿ ಫೋನ್ ಮಾಡಿದರು. ದನಿ ಕ್ಷೀಣವಾಗಿತ್ತು.

‘ಬಾಯಾರ, ನಾ ಕೆಲಸಾ ಮಾಡೂ ಮನಿಗೆ ಹೋದಾಗ ಕಳವು ಮಾಡಿಲ್ಲಂತ ಕೈಚೀಲ ತಗದ ತೋರಿಸಿ ಬಂದಾಕಿ. ಅದಕ್ಕ ಬ್ಯಾಸರಿಲ್ಲ. ಇವತ್ತ ನನ್ನ ಮಗಾ ನನ್ನ ಟ್ರಂಕ್ ತಗದಾನ. ಮಗ್ಗಲಾಗಿ ಮಲಗಿದ್ದೆ, ನಿದ್ದಿ ಹತ್ತೇತಿ ಅಂತ ತಿಳಕೊಂಡ. ಲಗ್ನದ ಸೀರಿ ಸೈತ ಝಾಡಿಸಿ ನೋಡಿದ, ಬೀಡಿಕಟ್ಟ ಬೀಳತೈತೇನಂತ. ಏನೂ ಸಿಗಲಿಲ್ಲ. ಸಿಗಲಿಲ್ಲ ಅಂತ ಅಂವಗ ಮತ್ತಷ್ಟ ಸಂಶೇ.’

‘ಹಂಗೇನ ಇರಲಿಕ್ಕಿಲ್ಲರಿ’ ಎಂದೆ.

‘ನಾ ಎಷ್ಟ ದಿನಾ ಇರತೀನೋ ಗೊತ್ತಿಲ್ಲ. ಸುಳ್ಳಬುರಕಿ ಅನಿಸಿಕೊಂಡ ಹೋಗಂಗಾತ ನೋಡ್ರಿ’ ಎಂದು ಅಳುತ್ತ ಫೋನ್ ಇಟ್ಟರು.

ಆ ರಾತ್ರಿ ಊಟ ಸೇರಲಿಲ್ಲ. ಹಾಗಂತ ಅವರನ್ನು ನಂಬಿದೆನೆಂದಲ್ಲ. ಸುಳ್ಳು ಹೇಳುವವರು ಇಷ್ಟು ಚೆನ್ನಾಗಿ ಅಳುತ್ತಾರೆಯೇ ಎಂದು ಅದನ್ನೂ ಅಳೆಯುತ್ತ ಕೂತೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಮುಂದಿನ ಭಾನುವಾರ ಅಂಕಲಿಯ ಮನೆಯಲ್ಲಿದ್ದೆ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದವಳಿಗೆ ಘಾಟು ಬಡಿಯಿತು. ಮೂಗು ಉರಿದು, ಗಂಟಲು ಕೆರೆದು, ಒಂದರ ಮೇಲೊಂದು ಸೀನು. ಒಳಗೆ ಹೋದರೆ ಅಡುಗೆಮನೆ ಹೊಗೆಯಲ್ಲಿ ಮುಳುಗಿತ್ತು. ಅವ್ವ ಒಲೆಯ ಮುಂದೆ ಕೂತು ಹಂಚಿನ ಮೇಲೆ ಏನನ್ನೋ ಕಪ್ಪಾಗುವವರೆಗೆ ಹುರಿಯುತ್ತಿದ್ದಳು.

‘ಹೊರಗ ನಡಿ, ಕೆಮ್ಮ ಬರತೈತಿ. ಮಿಶ್ರಿ ಹುರಿಯಾಕತ್ತೇನಿ’ ಎಂದಳು.

ಮಿಶ್ರಿ ನಮ್ಮ ಕಡೆಯ ಹೆಂಗಸರ ಹಲ್ಲುಪುಡಿ. ಎಲೆ ಹುರಿದು, ಪುಡಿ ಮಾಡಿ, ಡಬ್ಬಿಯಲ್ಲಿ ತುಂಬಿ ಇಡುತ್ತಾರೆ. ಬೆಳಿಗ್ಗೆ ಒಮ್ಮೆ, ಊಟದ ಮೇಲೆ ಒಮ್ಮೆ, ಬೇಸರವಾದರೆ ಮತ್ತೊಮ್ಮೆ ಬೆರಳಿಗೆ ಹಚ್ಚಿಕೊಂಡು ಒಸಡಿಗೆ ತಿಕ್ಕುತ್ತ ಕೂರುತ್ತಾರೆ. ಅದಿಲ್ಲದಿದ್ದರೆ ಅವ್ವನಿಗೆ ತಲೆನೋವು. ಹುಟ್ಟಿದಾಗಿನಿಂದ ನಾನು ಈ ಹೊಗೆಯಲ್ಲೇ ಸೀನುತ್ತ ಬೆಳೆದವಳು. ಹಂಚಿನ ಮೇಲಿದ್ದ ಎಲೆ ಯಾವುದೆಂದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ನಿಪ್ಪಾಣಿ ಸಂತೆಯಿಂದ ನಾನೇ ಎಷ್ಟು ಸಲ ತಂದುಕೊಟ್ಟಿದ್ದೆ. ತಂಬಾಕಿನ ಎಲೆ.

‘ಯವ್ವಾ, ನೀ ತಂಬಾಕ ಹಚ್ಚಕೋತಿ’ ಎಂದೆ.

ಅವ್ವ ಸಿಟ್ಟಾದಳು. ‘ಏನಂತ ಮಾತಾಡತೀ? ತಂಬಾಕ ತಿನ್ನೂ ಹೆಂಗಸ ಏನ ನಾನು? ತಂಬಾಕ ಅಂದ್ರ ತಿನ್ನೂದು, ಸೇದೂದು. ಇದು ಹಲ್ಲಿಗೆ ಹಚ್ಚೂದು.’

ಅವಳ ಬೆರಳು ಕಪ್ಪಾಗಿತ್ತು. ಸೆರಗಿನ ತುದಿಗೆ ಒರೆಸಿಕೊಂಡಳು. ಆ ಬೆರಳನ್ನು, ಆ ಸೆರಗನ್ನು ನಾನು ಅಲಖನೂರಿನಲ್ಲೂ ನೋಡಿದ್ದೆ. ನೋಡಿಯೂ ನೋಡಿರಲಿಲ್ಲ. ಹೊರಗಿನವರು ಯಾರಾದರೂ ಬಂದಿದ್ದರೆ ‘ಅದೇನಮ್ಮ ಬೆರಳಿಗೆ?’ ಎಂದು ಕೇಳುತ್ತಿದ್ದರೇನೋ. ನಾನು ಅಲ್ಲಿಯವಳು, ಅದಕ್ಕೇ ಕೇಳಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಹುಡುಕಿದರಂತೆ. ಹುಡುಕಿದ್ದು ನಾನು.

ಮ್ಯಾಡಂಗೆ ಫೋನ್ ಮಾಡಿದೆ. ಮಿಶ್ರಿಯ ವಿಷಯ ಹೇಳಿದೆ.

‘ಎಷ್ಟು ಹೆಂಗಸರ ಫಾರಂ ಹೀಗಿರಬಹುದು?’

‘ಮಿಶ್ರಿ ಬಗ್ಗೆ ಯಾರನ್ನೂ ಕೇಳಿಲ್ಲ ಮ್ಯಾಡಂ.’

‘ಒಂದು ಗುಂಪಿನಲ್ಲಿ ಆ ತಡೆ ಕಡಿಮೆ ಇರುವ ಹಾಗೆ ಕಾಣುತ್ತಿತ್ತು. ಅದು ಸಮುದಾಯದ್ದೋ, ಈ ಪುಡಿಯದ್ದೋ, ಒಲೆಯ ಹೊಗೆಯದ್ದೋ, ತಟ್ಟೆಯಲ್ಲಿ ಹಣ್ಣಿಲ್ಲದ್ದೋ, ಈಗ ಹೇಗೆ ಹೇಳುವುದು? ಎಲ್ಲರನ್ನೂ ಮತ್ತೆ ಕೇಳಬೇಕು.’

‘ಶಾಂತಾಬಾಯಿ ಅವರ ರೋಗ ಇದರಿಂದಲೇ ಬಂತಾ?’

‘ಅದನ್ನು ನಾನು ಹೇಳಲಾರೆ. ಅವರು ಸುಳ್ಳು ಹೇಳಿಲ್ಲ ಅನ್ನುವುದನ್ನು ಮಾತ್ರ ಹೇಳಬಹುದು.’

ನನಗೆ ಬೇಕಾಗಿದ್ದೂ ಅಷ್ಟೇ. ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಕೇಳಿ, ಸೀರೆ ಸರಿಮಾಡಿಕೊಂಡು, ಮಿಶ್ರಿ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ‘ನಾನೂ ಬರತೀನಿ. ಅಕಿ ಸುಳ್ಳಬುರಕಿ ಆದ್ರ ನಾನೂ ಸುಳ್ಳಬುರಕಿನ’ ಎಂದಳು. ಸ್ಕೂಟಿಯ ಹಿಂದೆ, ಐಸಿನ ಡಬ್ಬ ಇರುವ ಜಾಗದಲ್ಲಿ, ಅವ್ವ ಕೂತಳು.

ಸಿದ್ಧಾರ್ಥ ಹೊಸ್ತಿಲಲ್ಲೇ ತಡೆದ. ‘ಈಗ ಏನ್ ಒಯ್ಯಾಕ ಬಂದೀರಿ?’

‘ಏನೂ ಇಲ್ಲರಿ. ಒಂದ ತಪ್ಪ ಹೇಳಾಕ ಬಂದೇನಿ.’

‘ಇದೂ ನಿಮ್ಮದೊಂದ ಪರೀಕ್ಷೆ ಇರಬೇಕ.’

ಅವ್ವ ಅವನನ್ನು ದಾಟಿಕೊಂಡು ಒಳಗೆ ಹೋಗಿ ಶಾಂತಾಬಾಯಿಯ ಹೊರಸಿನ ಅಂಚಿಗೆ ಕೂತು, ಡಬ್ಬಿ ತೆಗೆದು ಮುಂದೆ ಹಿಡಿದಳು. ‘ಹಚ್ಚಕೋತಿಯೇನ?’

ಶಾಂತಾಬಾಯಿ ನನ್ನನ್ನು ನೋಡಿದರು, ಅವ್ವನನ್ನು ನೋಡಿದರು. ಕಣ್ಣಲ್ಲಿ ಗುಮಾನಿ ಹೋಗಿರಲಿಲ್ಲ. ‘ನಂದ ಐತಿ’ ಎಂದು ಕಿಟಕಿ ಕಡೆ ಕೈ ತೋರಿಸಿದರು. ಅಲ್ಲಿ, ಮೊದಲ ದಿನ ನಾನು ರಿಜಿಸ್ಟರ್ ಇಟ್ಟುಕೊಂಡು ಬರೆದ ಕಿಟಕಿಯ ಕಟ್ಟೆಯ ಮೇಲೆ, ಒಂದು ಹಳೆಯ ಪೌಡರ್ ಡಬ್ಬಿ ಇತ್ತು.

ನಾನು ಹೇಳುತ್ತ ಹೋದೆ. ಮಿಶ್ರಿ ತಂಬಾಕೇ ಎಂದು, ರಕ್ತದಲ್ಲಿ ಬಂದದ್ದು ಅದೇ ಎಂದು, ನಮ್ಮವ್ವನ ರಕ್ತದಲ್ಲೂ ಬಂದಿದೆ ಎಂದು. ಸಿದ್ಧಾರ್ಥ ಗೋಡೆಗೆ ಒರಗಿ ಕೂತು ಕೇಳುತ್ತಿದ್ದ. ಮುಗಿದ ಮೇಲೆ ಶಾಂತಾಬಾಯಿ ಒಂದೇ ಮಾತು ಕೇಳಿದರು.

‘ನಿಮ್ಮವ್ವಂದೂ ಬಂದಿತ್ತಲ್ಲ. ಅಲ್ಲಿ ಏನಂತ ಬರದ್ರಿ? ನಂದ್ರಾಗ ಏನಂತ ಬರದ್ರಿ?’

ಅದನ್ನು ನಾನು ಹೇಳಿರಲಿಲ್ಲ. ಹೇಳುವ ಮನಸ್ಸೂ ಇರಲಿಲ್ಲ. ರಿಜಿಸ್ಟರ್ ಚೀಲದಲ್ಲಿತ್ತು. ಅವ್ವ ‘ಓದ’ ಎಂದಳು. ಓದಿದೆ. ಟ್ಯೂಬು ಅದಲುಬದಲಾಗಿರಬಹುದು. ಮಾಹಿತಿ ಮುಚ್ಚಿಟ್ಟಿದ್ದಾರೆ, ನಂಬಲರ್ಹರಲ್ಲ. ಒಂದೇ ದಿನ, ಒಂದೇ ಪೆನ್ನು.

ಸಿದ್ಧಾರ್ಥ ಈಗ ಕೂಗಾಡುತ್ತಾನೆ ಎಂದುಕೊಂಡೆ. ಅವನು ಬಾಯಿ ತೆರೆಯುವ ಮೊದಲೇ ಶಾಂತಾಬಾಯಿ ಅವನ ಕಡೆ ತಿರುಗಿದರು.

‘ಅಕಿಗೆ ಏನೂ ಅನಬ್ಯಾಡ. ಅಕಿ ಯಾರೋ. ನೀ ನನ್ನ ಮಗಾ. ತಿಂಗಳಾ ತಿಂಗಳಾ ನಿಪ್ಪಾಣಿಯಿಂದ ಎಲಿ ತಂದ ಕೊಡಾಂವ ನೀನ. ಡಬ್ಬಿ ಕಿಡಕ್ಯಾಗ ಇತ್ತು. ನೀ ಟ್ರಂಕಿನ್ಯಾಗ ಹುಡುಕಿದಿ.’

ಸಿದ್ಧಾರ್ಥ ಕೂತಲ್ಲೇ ಮೊಣಕಾಲಿಗೆ ಮುಖ ಒತ್ತಿಕೊಂಡ. ಅವರು ಕೈ ಚಾಚಿದರು, ಹೊರಸಿನಿಂದ ಅವನ ತಲೆಗೆ ಎಟಕಲಿಲ್ಲ. ಅವ್ವ ಅವನ ತೋಳು ಹಿಡಿದು ಹತ್ತಿರ ಸರಿಸಿದಳು.

ಆಮೇಲೆ ಶಾಂತಾಬಾಯಿ ನನಗೆ ಹೊಸ ಫಾರಮ್ಮು ತೆಗೆಯಲು ಹೇಳಿದರು. ‘ಮದಲಿಂದ ಕೇಳ್ರಿ’ ಎಂದರು. ಹೆಸರಿನಿಂದ ಕೇಳಿದೆ. ಸಮುದಾಯದ ಕಾಲಂ ಬಂದಾಗ ನನ್ನ ಪೆನ್ನು ನಿಂತಿತು. ‘ಬರೀರಿ, ಅದನ್ನ ಮುಚ್ಚೂದಿಲ್ಲ ನಾವು. ಆದ್ರ ಅದರ ಮಗ್ಗಲ ಮಿಶ್ರಿನೂ ಬರೀರಿ. ಅದೊಂದನ್ನ ಓದಿ ಎದ್ದ ಹೋಗಬಾರ್ದ ಯಾರೂ.’ ಬರೆದೆ. ರಿಜಿಸ್ಟರಿನ ಹಳೆಯ ಷರಾ ಹೊಡೆದುಹಾಕಲು ಹೋದಾಗ ತಡೆದರು. ‘ಅವ ಎರಡೂ ಇರಲಿ. ಮ್ಯಾಡಂನೂ ನೋಡಲಿ.’

ಮ್ಯಾಡಂ ನೋಡಿದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆ ಬೇಸಿಗೆಯೆಲ್ಲ ಅಥಣಿ, ಕಾಗವಾಡ, ರಾಯಬಾಗ ತಿರುಗಿ ಹಳೆಯ ಮನೆಗಳಿಗೇ ಮತ್ತೆ ಹೋಗಿ ಹೆಂಗಸರ ಹಲ್ಲುಪುಡಿ ಕೇಳಿದೆ. ‘ಮಿಶ್ರಿ ಅಲ್ಲೇನ್ರಿ?’ ಎಂದು ನಗುತ್ತ ಡಬ್ಬಿ ತಂದು ತೋರಿಸುತ್ತಿದ್ದರು, ಬಚ್ಚಿಡುವಂಥದ್ದೇನೂ ಅಲ್ಲದ ಹಾಗೆ. ಅವ್ವ ಬಿಡಲು ನೋಡಿದಳು, ಹತ್ತು ದಿನ ತಲೆ ಹಿಡಿದುಕೊಂಡು ಎಲ್ಲರಿಗೂ ಬೈದಳು. ಈಗ ದಿನಕ್ಕೆ ಒಂದೇ ಸಲ ಅನ್ನುತ್ತಾಳೆ. ನಾನು ನಂಬಿಲ್ಲ. ಶಾಂತಾಬಾಯಿ ಮುಂದಿನ ಕಬ್ಬಿನ ಸೀಸನ್ ನೋಡಲಿಲ್ಲ. ಮಣ್ಣಿಗೆ ಅವ್ವ ಹೋಗಿದ್ದಳು, ನನಗೆ ಧೈರ್ಯ ಸಾಲಲಿಲ್ಲ.

ಬಸ್ಸು ಇನ್ನೂ ಅಲ್ಲೇ ನಿಂತಿತ್ತು. ಟ್ರ್ಯಾಕ್ಟರ್ ಸರಿದು ಡ್ರೈವರ್ ಗೇರು ಹಾಕಿದಾಗ, ಹೋದನೇನೋ ಎಂದು ಮೆಲ್ಲಗೆ ತಲೆ ಹೊರಗಿಟ್ಟೆ. ಸಿದ್ಧಾರ್ಥ ಹೋಗಿರಲಿಲ್ಲ. ಚಹಾದ ಗ್ಲಾಸು ಕೆಳಗಿಟ್ಟು ಬಸ್ಸಿನ ಕಡೆ ಕೈ ಎತ್ತಿದ. ನನಗಿರಲಿಕ್ಕಿಲ್ಲ, ಹಿಂದೆ ಯಾರೋ ಗುರುತಿನವರಿರಬೇಕು ಎಂದು ತಿರುಗಿ ನೋಡಿದೆ.

ಹಿಂದಿನ ಸೀಟುಗಳೆಲ್ಲ ಖಾಲಿ ಇದ್ದವು.